ಅಧಿಕಾರದ ಮೊದಲ ಮಾತು: ಕ್ರಿಯಾಪದದ ತುದಿಯಲ್ಲಿ ಯಾರಿದ್ದಾರೆ?



ನಾಯಕರು ಅಧಿಕಾರ ವಹಿಸಿಕೊಂಡ ದಿನ ಆಡುವ ಮೊದಲ ಮಾತುಗಳಲ್ಲಿ ಯಾವ ಪದಗಳನ್ನು ಆರಿಸಿಕೊಳ್ಳುತ್ತಾರೆ, ಒಬ್ಬರ ಆಯ್ಕೆ ಇನ್ನೊಬ್ಬರದಕ್ಕಿಂತ ಎಲ್ಲಿ ಬೇರೆಯಾಗುತ್ತದೆ ಎಂಬುದು ಈ ದತ್ತಿ ಉಪನ್ಯಾಸದ ಇಂದಿನ ವಿಷಯ. ಇದು ರಾಜಧಾನಿಯ ವಿದ್ವಾಂಸರಿಗೆ ಸೇರಿದ ವಿಷಯ ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ರಾಜನೊಬ್ಬ ರಂಗಕ್ಕೆ ಬಂದು ಆಡುವ ಮೊದಲ ಮಾತನ್ನು ಇಷ್ಟು ಸೂಕ್ಷ್ಮವಾಗಿ ಕೇಳಿ ಅಭ್ಯಾಸವಿರುವ ಪ್ರೇಕ್ಷಕರು ಈ ಕರಾವಳಿಯಲ್ಲಿ ಇದ್ದಷ್ಟು ಬೇರೆಲ್ಲಿ ಇದ್ದಾರೆ?

ಯಕ್ಷಗಾನದಲ್ಲಿ ಒಡ್ಡೋಲಗ ಮುಗಿದ ಮೇಲೆ ಬರುವ ಪೀಠಿಕೆಯನ್ನು ನೆನಪಿಸಿಕೊಳ್ಳಿ. ಯಕ್ಷಗಾನ ಕಲಾಕೇಂದ್ರದಿಂದ ಹೆಸರಾದ ಈ ಹಂಗಾರಕಟ್ಟೆಯಲ್ಲಿ ಪೀಠಿಕೆ ಎಂದರೇನೆಂದು ವಿವರಿಸಬೇಕಾಗಿಲ್ಲ. ‘ಬಲ್ಲಿರೇನಯ್ಯ’ ಎಂದು ತೊಡಗಿ ತಾನು ಯಾರು, ತನ್ನ ಪಟ್ಟಣ ಯಾವುದು, ಯಾವ ವಂಶದವನು, ಯಾವ ಕಾರ್ಯಕ್ಕಾಗಿ ಬಂದೆ ಎಂಬುದನ್ನು ಪಾತ್ರ ತಾನೇ ಹೇಳಿಕೊಳ್ಳುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅಥವಾ ಮಲ್ಪೆಯ ಸಾಮಗ ಸಹೋದರರ ಅರ್ಥ ಕೇಳಿದ ಹಿರಿಯರು ಈಗಲೂ ಅವರ ಪೀಠಿಕೆಗಳ ಬಗ್ಗೆ ಮಾತಾಡುತ್ತಾರೆ. ಪ್ರಸಂಗದ ಕಥೆ ಎಲ್ಲರಿಗೂ ಗೊತ್ತು. ಆದರೂ ಒಬ್ಬ ಅರ್ಥಧಾರಿಯ ರಾವಣ ತನ್ನ ತೋಳ್ಬಲದಿಂದ ಮಾತು ಶುರುಮಾಡುತ್ತಾನೆ, ಇನ್ನೊಬ್ಬರ ರಾವಣ ಲಂಕೆಯ ಪ್ರಜೆಗಳಿಂದ ಶುರುಮಾಡುತ್ತಾನೆ. ಅಷ್ಟರಲ್ಲೇ ಆ ರಾತ್ರಿಯ ರಾವಣ ಎಂಥವನು ಎಂಬುದು ನಮಗೆ ಅರ್ಧ ತಿಳಿದಿರುತ್ತದೆ. ನಾನು ಇಂದು ಕೇಳುವುದು ಇಷ್ಟೆ: ವೇಷ ಕಟ್ಟುವ ಚೌಕಿಯಿಂದ ಬಂದ ರಾಜನ ಮಾತನ್ನು ಕೇಳುವ ಕಿವಿಯಿಂದಲೇ ಚುನಾವಣೆಯಿಂದ ಬಂದವರ ಮಾತನ್ನೂ ಕೇಳೋಣ.

ನಿಜದ ಅರಸರ ಮೊದಲ ಮಾತೂ ನಮ್ಮ ಹತ್ತಿರದಲ್ಲೇ ಇದೆ. ಇಲ್ಲಿಂದ ಸ್ವಲ್ಪ ಮೂಡಕ್ಕೆ ಹೋದರೆ ಬಾರಕೂರು. ಅಲ್ಲಿನ ಶಾಸನಗಳಲ್ಲಿ ಅರಸನ ಹೆಸರಿಗಿಂತ ಮುಂಚೆ ಬಿರುದುಗಳು ಸಾಲುಗಟ್ಟುತ್ತವೆ. ಆಮೇಲೆ ದಾನ, ಗಡಿ, ಸಾಕ್ಷಿ. ಪ್ರಜೆ ಅಲ್ಲಿ ಕೇಳುಗನೂ ಅಲ್ಲ. 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ದಿವಾನ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯ ಮುಂದೆ ನಿಂತಾಗ ಈ ಕ್ರಮ ಸ್ವಲ್ಪ ಅಲುಗಿತು. ಎದುರಿಗೆ 144 ಜನ ಪ್ರತಿನಿಧಿಗಳಿದ್ದರು. ಸರ್ಕಾರದ ಉದ್ದೇಶಗಳು ಯಾರ ಹಿತಕ್ಕಾಗಿ ಇವೆಯೋ ಆ ಜನರಿಗೆ ತಿಳಿಯಬೇಕು ಎಂಬುದು ಆ ಸಭೆ ಕರೆದದ್ದಕ್ಕೆ ಕೊಟ್ಟ ಕಾರಣ. ವಾಕ್ಯದ ಕರ್ತೃ ಇನ್ನೂ ಮಹಾರಾಜರೇ. ಆದರೆ ಜನ ಕೇಳುಗರಾಗಿ ವಾಕ್ಯದೊಳಗೆ ಬಂದರು. ಇದು ಸಣ್ಣ ಬದಲಾವಣೆಯಲ್ಲ.

ಉದ್ಘಾಟನಾ ಭಾಷಣ ಎಂಬುದು ಪ್ರತ್ಯೇಕ ಪ್ರಕಾರವಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಅಧ್ಯಕ್ಷರು ಪ್ರಮಾಣ ಮಾಡಿದ ಕೂಡಲೇ ಜನರಿಗೆ ಭಾಷಣ ಮಾಡುತ್ತಾರೆ. 1789ರಿಂದ ಇಲ್ಲಿಯವರೆಗಿನ ಆ ಭಾಷಣಗಳೆಲ್ಲ ಉಳಿದಿರುವುದರಿಂದ ಪದಗಳನ್ನು ಎಣಿಸಿ ಹೋಲಿಸುವುದು ಸುಲಭ. ಜಾರ್ಜ್ ವಾಷಿಂಗ್ಟನ್ 1793ರಲ್ಲಿ ಎರಡನೆಯ ಬಾರಿ ಆಡಿದ್ದು 135 ಪದ. ವಿಲಿಯಂ ಹೆನ್ರಿ ಹ್ಯಾರಿಸನ್ 1841ರಲ್ಲಿ ಆಡಿದ್ದು 8,400ಕ್ಕೂ ಹೆಚ್ಚು, ಅದೂ ಡೇನಿಯಲ್ ವೆಬ್‌ಸ್ಟರ್ ಎಷ್ಟೋ ಭಾಗ ಕತ್ತರಿಸಿದ ಮೇಲೆ. ಒಂದು ತಿಂಗಳಲ್ಲಿ ಹ್ಯಾರಿಸನ್ ತೀರಿಕೊಂಡರು. ಅಷ್ಟು ಉದ್ದದ ಭಾಷಣದಲ್ಲಿ ಕೊಟ್ಟ ಮಾತುಗಳನ್ನು ನಡೆಸಿಕೊಡಲು ಅವರಿಗೆ ಕಾಲ ಸಿಗಲಿಲ್ಲ. ಅಂತರ್ಯುದ್ಧ ಮುಗಿಯುತ್ತಿದ್ದ 1865ರ ಮಾರ್ಚ್‌ನಲ್ಲಿ ಲಿಂಕನ್ ಆಡಿದ್ದು 700 ಪದಗಳ ಆಸುಪಾಸು. ಅದರಲ್ಲಿ ‘ನಾನು’ ಎಂಬರ್ಥದ ಪದ ಒಂದೇ ಒಂದು ಸಲ ಬರುತ್ತದೆ. ಗೆಲ್ಲುತ್ತಿದ್ದ ಪಕ್ಷದ ಮುಖಂಡ ಅವರು. ನಾನು ಗೆದ್ದೆ ಎನ್ನಲು ಆ ದಿನದಷ್ಟು ಅನುಕೂಲದ ದಿನ ಬೇರೆ ಇರಲಿಲ್ಲ. ಅವರು ಎರಡೂ ಪಕ್ಷಗಳನ್ನು ಒಂದೇ ವಾಕ್ಯದ ಕರ್ತೃವಾಗಿಸಿ, ಇಬ್ಬರೂ ಒಂದೇ ದೇವರಿಗೆ ಪ್ರಾರ್ಥಿಸಿದರು ಎಂಬುದನ್ನು ಕೇಳುಗರ ಮುಂದಿಟ್ಟರು. ಪದಗಳ ಎಣಿಕೆ ನಿಜವಾದ ಒಳನೋಟ ಕೊಡುವುದು ಇಂಥ ಕಡೆ. ಉಳಿದೆಡೆ ಅದು ಬರಿಯ ಲೆಕ್ಕ.

ನಮ್ಮ ಸಂವಿಧಾನ ಮುಖ್ಯಮಂತ್ರಿಗಾಗಲಿ ಪ್ರಧಾನಮಂತ್ರಿಗಾಗಲಿ ಉದ್ಘಾಟನಾ ಭಾಷಣವನ್ನು ಗೊತ್ತುಮಾಡಿಲ್ಲ. ಅದು ಕೊಟ್ಟಿರುವುದು ಪ್ರಮಾಣವಚನ. ಮೂರನೆಯ ಅನುಸೂಚಿಯಲ್ಲಿ ಅದರ ಒಂದೊಂದು ಪದವೂ ಅಚ್ಚಾಗಿದೆ. ಆದ್ದರಿಂದ ಅಧಿಕಾರ ಹಿಡಿದ ಗಳಿಗೆಯಲ್ಲಿ ನಮ್ಮ ನಾಯಕರು ಆಡುವುದು ತಮ್ಮ ಮಾತನ್ನಲ್ಲ, ತಮಗಿಂತ ಮುಂಚಿನವರು ಬರೆದಿಟ್ಟ ಮಾತನ್ನು. ಇದರಲ್ಲಿ ನನಗೆ ಬಹಳ ಗೌರವವಿದೆ. ಎಷ್ಟೇ ದೊಡ್ಡ ಬಹುಮತ ಬಂದಿರಲಿ, ಮೊದಲ ಮಾತು ಎಲ್ಲರಿಗೂ ಒಂದೇ.

ಆ ಮಾತುಗಳ ಹಿಂದೆಯೂ ಚರ್ಚೆ ನಡೆದಿದೆ. ಸಂವಿಧಾನದ ಕರಡಿನಲ್ಲಿ ರಾಷ್ಟ್ರಪತಿಯ ಪ್ರಮಾಣದಲ್ಲಿ ದೇವರ ಹೆಸರು ಇರಲಿಲ್ಲ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಮಹಾವೀರ ತ್ಯಾಗಿ ಮುಂತಾದವರು ಅದನ್ನು ಸೇರಿಸಬೇಕೆಂದರು. ಕೊನೆಗೆ ಎರಡನ್ನೂ ಒಂದರ ಕೆಳಗೊಂದು ಇಟ್ಟರು: ದೇವರ ಹೆಸರಿನಲ್ಲಿ ಪ್ರಮಾಣ, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಣ. ಎರಡಕ್ಕೂ ಒಂದೇ ತೂಕ. ದೇಶದ ಸಾರ್ವಭೌಮತೆ ಮತ್ತು ಅಖಂಡತೆಯನ್ನು ಎತ್ತಿಹಿಡಿಯುವ ಮಾತು ಮಂತ್ರಿಗಳ, ಶಾಸಕರ ಪ್ರಮಾಣಕ್ಕೆ ಸೇರಿದ್ದು 1963ರ 16ನೆಯ ತಿದ್ದುಪಡಿಯಿಂದ. ಮಂತ್ರಿಗಳ ಪ್ರಮಾಣದ ಕೊನೆಯ ಭಾಗವನ್ನು ನೀವೆಲ್ಲ ಟಿ.ವಿ.ಯಲ್ಲಿ ಕೇಳಿರುತ್ತೀರಿ. ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷವಿಲ್ಲದೆ ಎಲ್ಲ ಬಗೆಯ ಜನರಿಗೆ ನ್ಯಾಯ ದೊರಕಿಸುವ ಮಾತು ಅದು. ‘ಎಲ್ಲ ಬಗೆಯ ಜನ’ ಎಂಬುದಕ್ಕಿಂತ ದೊಡ್ಡ ಮಾತನ್ನು ಯಾವ ಚುನಾವಣಾ ಪ್ರಣಾಳಿಕೆಯೂ ಹೇಳಿಲ್ಲ.

ಇಷ್ಟು ಬಿಗಿಯಾದ ಪಠ್ಯದಲ್ಲೂ ನಮ್ಮವರು ಒಂದು ಕಿಂಡಿ ಕಂಡುಕೊಂಡರು. ‘ಹೆಸರಿನಲ್ಲಿ’ ಎಂಬ ಪದದ ಹಿಂದೆ ಇನ್ನೊಂದು ಪದ ಸೇರಿಸಲು ಅಲ್ಲಿ ಜಾಗವಿದೆ. 2018ರ ಮೇ 17ರಂದು ಬಿ.ಎಸ್. ಯಡಿಯೂರಪ್ಪ ದೇವರ ಜೊತೆಗೆ ರೈತರ ಹೆಸರನ್ನೂ ಹೇಳಿದರು. ಒಂದೇ ವಾರದೊಳಗೆ, ಮೇ 23ರಂದು, ಎಚ್.ಡಿ. ಕುಮಾರಸ್ವಾಮಿ ದೇವರ ಜೊತೆಗೆ ಕನ್ನಡನಾಡಿನ ಜನತೆಯ ಹೆಸರು ಹೇಳಿದರು. 2023ರ ಮೇ 20ರಂದು ಡಿ.ಕೆ. ಶಿವಕುಮಾರ್ ತಾವು ನಂಬಿದ ಗುರು ಗಂಗಾಧರ ಅಜ್ಜಯ್ಯನವರ ಹೆಸರಿನಲ್ಲಿ ಪ್ರಮಾಣ ಮಾಡಿದರು. ನಮ್ಮ ರಾಜ್ಯದ ಉದ್ಘಾಟನಾ ಭಾಷಣಗಳು ಯಾವುವು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇವನ್ನೇ. ಎಲ್ಲರಿಗೂ ಒಂದೇ ಆದ ವಾಕ್ಯದಲ್ಲಿ ನಾಯಕ ತಾನಾಗಿ ಆರಿಸಿಕೊಂಡದ್ದು ಆ ಒಂದು ಎರಡು ಪದ ಮಾತ್ರ. ರೈತರು ಎಂದವರು ಒಂದು ವೃತ್ತಿಯನ್ನು, ಅದರ ಬೆನ್ನಿಗಿರುವ ಹೋರಾಟದ ಚರಿತ್ರೆಯನ್ನು ಕರೆದರು. ಜನತೆ ಎಂದವರು ಇಡೀ ನಾಡನ್ನು ಕರೆದರು. ಅಜ್ಜಯ್ಯ ಎಂದವರು ತಮ್ಮ ಮನಸ್ಸಾಕ್ಷಿಯ ನೆಲೆಯನ್ನು ತೋರಿಸಿದರು. ಮೂರೂ ಪ್ರಾಮಾಣಿಕವೇ ಇರಬಹುದು. ನನ್ನ ಅಭಿಪ್ರಾಯ ಕೇಳಿದರೆ, ಪ್ರಮಾಣಕ್ಕೆ ಏನನ್ನೂ ಸೇರಿಸದಿರುವುದೇ ಒಳ್ಳೆಯದು. ರೈತರು ಎಂದಾಗ ಬೆಸ್ತರೂ ನೇಕಾರರೂ ಹೊರಗೆ ನಿಂತು ಕೇಳಬೇಕಾಗುತ್ತದೆ. ‘ಎಲ್ಲ ಬಗೆಯ ಜನ’ ಎಂಬಲ್ಲಿ ಯಾರೂ ಹೊರಗಿಲ್ಲ.

ನ್ಯಾಯಾಲಯಗಳೂ ಇದರ ಬಗ್ಗೆ ಬಿಗಿಯಾಗಿವೆ. 2001ರಲ್ಲಿ ಕೇರಳದ ಶಾಸಕ ಉಮೇಶ್ ಚಳ್ಳಿಯಿಲ್ ಶ್ರೀ ನಾರಾಯಣ ಗುರುಗಳ ಹೆಸರಿನಲ್ಲಿ ಪ್ರಮಾಣ ಮಾಡಿದರು. ಗುರುಗಳ ಬಗ್ಗೆ ನಮ್ಮ ಕರಾವಳಿಗೆ ಇರುವ ಭಕ್ತಿಯನ್ನು ಹೇಳಬೇಕಾಗಿಲ್ಲ. ಆದರೂ ಕೇರಳ ಹೈಕೋರ್ಟ್ 2003ರಲ್ಲಿ ಆ ಪ್ರಮಾಣವನ್ನು ಒಪ್ಪಲಿಲ್ಲ. ಸಂವಿಧಾನ ಕೊಟ್ಟ ಎರಡು ದಾರಿಗಳಲ್ಲಿ ಒಂದನ್ನೇ ಹಿಡಿಯಬೇಕು ಎಂದಿತು. 2021ರಲ್ಲಿ ಅದೇ ಕೇರಳದಲ್ಲಿ ದೇವಿಕುಳಂ ಶಾಸಕ ಎ. ರಾಜಾ ತಮಿಳಿನಲ್ಲಿ ಪ್ರಮಾಣ ಓದಿದರು. ಅವರ ಕೈಗೆ ಕೊಟ್ಟ ತಮಿಳು ಅನುವಾದದಲ್ಲಿ ದೇವರ ಹೆಸರೂ ಇರಲಿಲ್ಲ, ದೃಢೀಕರಣವೂ ಇರಲಿಲ್ಲ. ಅವರು ಮತ್ತೊಮ್ಮೆ ಪ್ರಮಾಣ ಮಾಡಬೇಕಾಯಿತು. ಅಮೆರಿಕದಲ್ಲೂ ಬರಾಕ್ ಒಬಾಮಾ 2009ರ ಜನವರಿ 20ರಂದು ಪ್ರಮಾಣ ಮಾಡುವಾಗ ಮುಖ್ಯ ನ್ಯಾಯಮೂರ್ತಿಗಳ ಬಾಯಲ್ಲಿ ಒಂದು ಪದ ತನ್ನ ಜಾಗ ತಪ್ಪಿತು. 35 ಪದಗಳ ಪ್ರಮಾಣ ಅದು. ಮರುದಿನ ಶ್ವೇತಭವನದಲ್ಲಿ ಇನ್ನೊಮ್ಮೆ ಹೇಳಿದರು. ಒಂದು ಪದದಿಂದ ಏನಾಗುತ್ತದೆ ಎನ್ನುವವರು ಈ ಎರಡು ಪ್ರಸಂಗಗಳನ್ನು ನೋಡಬೇಕು. 2021ರ ಆ ಕೇರಳ ಸಭೆಯಲ್ಲೇ ಮಂಜೇಶ್ವರದ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲಿ ಪ್ರಮಾಣ ಮಾಡಿದರು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 1956ರ ನವೆಂಬರ್ 1ರಂದು ಈ ಕರಾವಳಿಯ ನಾವು ಮದ್ರಾಸಿನಿಂದ ಮೈಸೂರಿಗೆ ಬಂದೆವು, ಮಂಜೇಶ್ವರವಿರುವ ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಯ ಶಾಸಕರು ಕನ್ನಡದಲ್ಲಿ ‘ಪ್ರಮಾಣ ಮಾಡುತ್ತೇನೆ’ ಎನ್ನುವಾಗ ನನಗೆ ಆಗುವ ಸಂತೋಷ ಬೇರೆಯದೇ.

ಪ್ರಮಾಣದ ಆಚೆ ನಾಯಕರು ತಾವಾಗಿ ಆಡಿದ ಮೊದಲ ಮಾತುಗಳನ್ನು ನೋಡುವಾಗ ಒಂದು ಜೋಡಿ ನನ್ನನ್ನು ಬಹಳ ಕಾಲ ಹಿಡಿದು ನಿಲ್ಲಿಸಿದೆ. 1947ರ ಆಗಸ್ಟ್ 15ರಂದು ಜವಾಹರಲಾಲ್ ನೆಹರೂ ಆಕಾಶವಾಣಿಯಲ್ಲಿ ಮಾತಾಡುತ್ತ ತಮ್ಮನ್ನು ಭಾರತದ ಜನತೆಯ ಮೊದಲ ಸೇವಕ ಎಂದು ಕರೆದುಕೊಂಡರು. 2014ರ ಆಗಸ್ಟ್ 15ರಂದು ನರೇಂದ್ರ ಮೋದಿ ಕೆಂಪುಕೋಟೆಯ ತಮ್ಮ ಮೊದಲ ಭಾಷಣದಲ್ಲಿ ನಾನು ಪ್ರಧಾನಮಂತ್ರಿಯಾಗಿ ಅಲ್ಲ, ಪ್ರಧಾನ ಸೇವಕನಾಗಿ ಬಂದಿದ್ದೇನೆ ಎಂದರು. ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ಹಿಂದಿಯಲ್ಲಿ. ನಡುವೆ 67 ವರ್ಷ. ವಿಚಾರದಲ್ಲಿ ಇಬ್ಬರೂ ಎರಡು ದಿಕ್ಕು. ಪದ ಮಾತ್ರ ಹೆಚ್ಚುಕಡಿಮೆ ಒಂದೇ. ಈ ಪದಕ್ಕೆ ಇನ್ನೂ ಹಳೆಯ ವಂಶಾವಳಿಯಿದೆ. ಹದಿನೆಂಟನೆಯ ಶತಮಾನದ ಪ್ರಶ್ಯದ ದೊರೆ ಎರಡನೆಯ ಫ್ರೆಡರಿಕ್ ತಾನು ರಾಜ್ಯದ ಮೊದಲ ಸೇವಕ ಎಂದಿದ್ದ. ದೊರೆಯ ಮಾತಿನಲ್ಲಿ ಒಡೆಯ ಎಂದರೆ ರಾಜ್ಯ. ನೆಹರೂ ಅವರ ಮಾತಿನಲ್ಲಿ ಒಡೆಯರು ಎಂದರೆ ಜನ. ಇದೇ ಇಲ್ಲಿನ ಮುಖ್ಯ ತಿದ್ದುಪಡಿ. ಇನ್ನು ‘ಪ್ರಧಾನ’ ಎಂಬುದು ಹುದ್ದೆಯ ಹೆಸರಿನಿಂದಲೇ ತೆಗೆದ ಪದವಾದ್ದರಿಂದ ಹುದ್ದೆಯನ್ನು ಬಿಟ್ಟುಕೊಡುತ್ತಲೇ ಅದನ್ನು ಉಳಿಸಿಕೊಳ್ಳುತ್ತದೆ. ಎರಡೂ ಕಡೆ ‘ಸೇವಕ’ನ ಹಿಂದೆ ಒಂದು ಮೇಲ್ದರ್ಜೆಯ ವಿಶೇಷಣ ಇದ್ದೇ ಇದೆ. ಬರಿಯ ಸೇವಕ ಎಂದು ಯಾರೂ ಹೇಳಲಿಲ್ಲ.

ರಾಷ್ಟ್ರಪತಿಗಳಿಗೆ ಮಾತ್ರ ನಮ್ಮಲ್ಲಿ ಉದ್ಘಾಟನಾ ಭಾಷಣದ ಪದ್ಧತಿ ನೆಲೆಗೊಂಡಿದೆ. 1977ರಿಂದ ಪ್ರತಿ ಬಾರಿಯೂ ಜುಲೈ 25ರಂದು ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಅದು ನಡೆದುಬಂದಿದೆ. 2012ರಲ್ಲಿ ಪ್ರಣಬ್ ಮುಖರ್ಜಿ ಬಡತನ ಎಂಬ ಪದ ಆಧುನಿಕ ಭಾರತದ ನಿಘಂಟಿನಿಂದ ಅಳಿಯಬೇಕು ಎಂದರು. 2017ರಲ್ಲಿ ರಾಮನಾಥ್ ಕೋವಿಂದ್ ತಾವು ಬೆಳೆದ ಮಣ್ಣಿನ ಮನೆಯನ್ನು ನೆನೆದು, ಹೊಲದ ರೈತ, ಆಸ್ಪತ್ರೆಯ ದಾದಿ, ಶಾಲೆಯ ಅಧ್ಯಾಪಕ ಹೀಗೆ ಒಬ್ಬೊಬ್ಬರನ್ನೂ ಕರೆದು ಇವರೆಲ್ಲ ರಾಷ್ಟ್ರ ನಿರ್ಮಾಪಕರು ಎಂದರು. 2022ರಲ್ಲಿ ದ್ರೌಪದಿ ಮುರ್ಮು ‘ಜೋಹಾರ್’ ಎಂದು ಕೈಮುಗಿದರು. ಆ ಸಭಾಂಗಣದಲ್ಲಿ ಅದಕ್ಕೂ ಮುಂಚೆ ಎಷ್ಟೋ ದೊಡ್ಡ ಭಾಷಣಗಳಾಗಿವೆ. ಸಂತಾಲರ ಮನೆಯಂಗಳದ ಆ ಒಂದು ನಮಸ್ಕಾರ ಅವುಗಳಲ್ಲಿ ಯಾವುದಕ್ಕೂ ಕಡಿಮೆಯಲ್ಲ ಎಂದು ನಾನು ತಿಳಿದಿದ್ದೇನೆ.

ಈಗ ನಮ್ಮ ರಾಜ್ಯಕ್ಕೆ, ನಮ್ಮ ವ್ಯಾಕರಣಕ್ಕೆ ಬರೋಣ. ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ.

ಸಂವಿಧಾನದ 176ನೆಯ ವಿಧಿಯಂತೆ ಪ್ರತಿ ಸಾರ್ವತ್ರಿಕ ಚುನಾವಣೆಯ ನಂತರದ ಮೊದಲ ಅಧಿವೇಶನದಲ್ಲಿ, ಹಾಗೂ ಪ್ರತಿ ವರ್ಷದ ಮೊದಲ ಅಧಿವೇಶನದಲ್ಲಿ, ರಾಜ್ಯಪಾಲರು ಶಾಸಕರನ್ನು ಉದ್ದೇಶಿಸಿ ಮಾತಾಡಬೇಕು. ಹೊಸ ಸರ್ಕಾರದ ನಿಜವಾದ ಮೊದಲ ಭಾಷಣ ಇದು. ಬರೆಯುವುದು ಮಂತ್ರಿಮಂಡಲ, ಓದುವುದು ರಾಜ್ಯಪಾಲರು. ‘ನನ್ನ ಸರ್ಕಾರ’ ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಬ್ರಿಟನ್ನಿನ ದೊರೆ ತನ್ನ ಪಾರ್ಲಿಮೆಂಟಿನಲ್ಲಿ ಓದುವ ಭಾಷಣದಿಂದ ಬಂದ ವಾಡಿಕೆ ಅದು. ಓದುವವರಿಗೂ ಬರೆದವರಿಗೂ ಮನಸ್ಸು ಕೂಡದಿದ್ದರೆ ಏನಾಗುತ್ತದೆಂದು 2023ರ ಜನವರಿಯಲ್ಲಿ ತಮಿಳುನಾಡಿನಲ್ಲಿ ಕಂಡೆವು. ಅಲ್ಲಿಯ ರಾಜ್ಯಪಾಲರು ದ್ರಾವಿಡ ಮಾದರಿ ಎಂಬ ಮಾತನ್ನೂ ಪೆರಿಯಾರ್, ಅಂಬೇಡ್ಕರ್ ಮೊದಲಾದವರ ಹೆಸರುಗಳನ್ನೂ ಓದದೆ ಬಿಟ್ಟರು. ಅಚ್ಚಾದ ಪಠ್ಯವೇ ಕಡತದಲ್ಲಿ ಉಳಿಯಬೇಕೆಂದು ಸಭೆ ನಿರ್ಣಯ ಮಾಡಿತು, ರಾಜ್ಯಪಾಲರು ಎದ್ದು ಹೊರನಡೆದರು.

ಇಂಗ್ಲಿಷ್ ಭಾಷಣದಲ್ಲಿ ‘ನಾನು’ ಎಷ್ಟು ಸಲ ಬಂತೆಂದು ಎಣಿಸಿದರೆ ಸಾಕು, ಮಾತಾಡಿದವರ ಮನಸ್ಸು ತಕ್ಕಮಟ್ಟಿಗೆ ತಿಳಿಯುತ್ತದೆ. ಕನ್ನಡದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ‘ನಾಳೆ ಬರುತ್ತೇನೆ’ ಎಂದರೆ ಬರುವವರು ಯಾರೆಂದು ಕ್ರಿಯಾಪದದ ತುದಿಯೇ ಹೇಳುತ್ತದೆ. ಆದ್ದರಿಂದ ಕನ್ನಡ ಭಾಷಣವನ್ನು ತೂಗುವವರು ವಾಕ್ಯದ ಮೊದಲನ್ನಲ್ಲ, ಕೊನೆಯನ್ನು ನೋಡಬೇಕು. ಅಲ್ಲಿ ಮೂರು ತುದಿಗಳು ಸಿಗುತ್ತವೆ: ‘ಮಾಡುತ್ತೇನೆ’, ‘ಮಾಡುತ್ತೇವೆ’, ‘ಮಾಡಲಾಗುವುದು’. ಪ್ರಮಾಣವಚನ ಮೊದಲನೆಯದು. ಅದರಲ್ಲಿ ನಾಯಕ ತನ್ನ ಹೆಸರು ಹೇಳಿ, ‘ಆದ ನಾನು’ ಎಂದು ಬಾಯಿಬಿಟ್ಟು ಹೇಳಿ, ‘ನಿರ್ವಹಿಸುತ್ತೇನೆ’ ಎನ್ನಬೇಕು. ತಪ್ಪಿಸಿಕೊಳ್ಳಲು ದಾರಿಯಿಲ್ಲ. ವೇದಿಕೆಯ ಭಾಷಣ ಎರಡನೆಯದು. ರಾಜ್ಯಪಾಲರ ಭಾಷಣಕ್ಕೆ, ಆಯವ್ಯಯ ಭಾಷಣಕ್ಕೆ ಬರುವ ಹೊತ್ತಿಗೆ ಮೂರನೆಯದೇ ತುಂಬಿಕೊಳ್ಳುತ್ತದೆ. ‘ಅಳಿವೆಯ ಹೂಳೆತ್ತಲಾಗುವುದು.’ ‘ಕಡಲ್ಕೊರೆತಕ್ಕೆ ತಡೆಗೋಡೆ ನಿರ್ಮಿಸಲಾಗುವುದು.’ ‘ಬಂದರನ್ನು ಅಭಿವೃದ್ಧಿಪಡಿಸಲಾಗುವುದು.’ ಯಾರು ಎತ್ತುವವರು, ಯಾರು ಕಟ್ಟುವವರು? ವಾಕ್ಯದಲ್ಲಿ ಮನುಷ್ಯರೇ ಇಲ್ಲ.

ಈ ಕರ್ಮಣಿ ಪ್ರಯೋಗ ನಮ್ಮ ಆಡುಮಾತಿಗೆ ಸೇರಿದ್ದಲ್ಲ. ಸೀತಾ ನದಿಯ ದಡದಲ್ಲಿ ಯಾರೂ ‘ಇಂದು ಬಲೆ ಬೀಸಲಾಗುವುದು’ ಎನ್ನುವುದಿಲ್ಲ. ಹಾಗೆಂದರೆ, ‘ಹ್ವಾಯ್, ಬೀಸುದ್ ಯಾರ್?’ ಎಂದು ಪಕ್ಕದವರು ಕೇಳುತ್ತಾರೆ. ಕಚೇರಿಯ ಕನ್ನಡಕ್ಕೆ ಈ ತುದಿ ಬಂದದ್ದು ಇಂಗ್ಲಿಷ್ ಕಡತಗಳ ಅನುವಾದದಿಂದ. ಕನ್ನಡ ಆಡಳಿತ ಭಾಷೆಯಾಗಬೇಕೆಂದು ಹೋರಾಡಿದವರಲ್ಲಿ ನನ್ನ ತಲೆಮಾರಿನವರೂ ಇದ್ದಾರೆ. ಆಡಳಿತಕ್ಕೆ ಕನ್ನಡ ಬಂತು, ಆದರೆ ಕನ್ನಡದ ಕ್ರಿಯಾಪದ ಬರಲಿಲ್ಲ. ಇದು ನನಗೆ ನಿಜವಾಗಿ ನೋವಿನ ಸಂಗತಿ. ಏಕೆಂದರೆ ಮಾಡುವವನ ಹೆಸರನ್ನು ಕ್ರಿಯಾಪದದೊಳಗೇ ಇಟ್ಟುಕೊಳ್ಳುವ ಭಾಷೆಯಲ್ಲಿ ಮಾಡುವವನನ್ನು ಮರೆಮಾಡಬೇಕಾದರೆ ಪ್ರಯತ್ನಪಟ್ಟು ಮರೆಮಾಡಬೇಕು. ‘ಮೀನುಗಾರಿಕೆ ಇಲಾಖೆ ಬರುವ ಮಳೆಗಾಲದೊಳಗೆ ಹೂಳೆತ್ತುತ್ತದೆ’ ಎಂದು ಬರೆಯುವುದಕ್ಕೆ ಹೆಚ್ಚು ಪದಗಳೇನೂ ಬೇಕಾಗಿಲ್ಲ.

‘ಮಾಡುತ್ತೇವೆ’ ಎಂಬ ಎರಡನೆಯ ತುದಿಯೂ ಅಷ್ಟು ಸರಳವಲ್ಲ. ನಾಯಕ ‘ನಾವು’ ಎಂದಾಗ ಕೇಳುವ ನಾನು ಅದರೊಳಗೆ ಇದ್ದೇನೆಯೇ, ಹೊರಗಿದ್ದೇನೆಯೇ? ‘ನಾವು ಗೆದ್ದಿದ್ದೇವೆ’ ಎಂಬಲ್ಲಿ ಪಕ್ಷ ಮಾತ್ರ ಇದೆ. ‘ನಾವು ಈ ನಾಡನ್ನು ಕಟ್ಟಬೇಕು’ ಎಂಬಲ್ಲಿ ಎಲ್ಲರೂ ಇದ್ದಾರೆ. ‘ನಾವು ತ್ಯಾಗ ಮಾಡಬೇಕು’ ಎಂಬಲ್ಲಿ ಬಹುಮಟ್ಟಿಗೆ ಕೇಳುವವರು ಮಾತ್ರ. ಪದ ಒಂದೇ. ಬಳಕೆಯ ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಬೇರೆ ರೂಪಗಳಿಲ್ಲ. ತುಳುವಿನಲ್ಲಿ ಇವೆ. ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕುಲು’. ಹವ್ಯಕರ ಕನ್ನಡದಲ್ಲಿಯೂ ‘ನಾವು’ ಬೇರೆ, ‘ಎಂಗೊ’ ಬೇರೆ. ತಮಿಳು, ತೆಲುಗು, ಮಲಯಾಳಗಳಲ್ಲೂ ಈ ಭೇದ ಜೀವಂತವಾಗಿದೆ. ಕುಂದಗನ್ನಡವೂ ತುಳುವೂ ಒಂದರ ಪಕ್ಕ ಒಂದು ಕೇಳಿಸುವ ಈ ಪ್ರದೇಶದವರಿಗೆ ಇದು ದೊಡ್ಡ ಅನುಕೂಲ. ಬೆಂಗಳೂರಿನ ಯಾವ ಭಾಷಣವನ್ನಾದರೂ ತೆಗೆದುಕೊಂಡು ಅದರ ಪ್ರತಿ ‘ನಾವು’ ತುಳುವಿಗೆ ಹೋದರೆ ‘ನಮ’ ಆಗುತ್ತದೆಯೋ ‘ಎಂಕುಲು’ ಆಗುತ್ತದೆಯೋ ಎಂದು ಕೇಳಿ ನೋಡಿ. ಅನುವಾದಕರು ಅಲ್ಲಿ ತೀರ್ಮಾನಕ್ಕೆ ಬರಲೇಬೇಕು. ಭಾಷಣಕಾರರು ಬಚ್ಚಿಟ್ಟದ್ದು ಅಲ್ಲಿ ಹೊರಬೀಳುತ್ತದೆ.

ರಂಗದ ಅರಸರೂ ‘ನಾವು’ ಎನ್ನುತ್ತಾರೆ. ಅದು ಗೌರವದ ಬಹುವಚನ. ಒಳ್ಳೆಯ ಅರ್ಥಧಾರಿಗಳು ಆ ‘ನಾವು’ವನ್ನು ಎಲ್ಲಿ ಬಿಟ್ಟು ‘ನಾನು’ವಿಗೆ ಇಳಿಯಬೇಕೆಂದು ಬಲ್ಲರು. ಗದಾಯುದ್ಧದ ಕೌರವ ಸರೋವರದ ಬಳಿ ಒಬ್ಬನೇ ಉಳಿದಾಗ ಅವನಿಗೆ ಬಹುವಚನ ಒಪ್ಪುವುದಿಲ್ಲ. ಜವಾಬ್ದಾರಿ ಹೊರಬೇಕಾದ ಕಡೆ ‘ನಾನು’, ಹಂಚಿಕೊಳ್ಳಬೇಕಾದ ಕಡೆ ‘ನಾವು’. ಈ ಹದ ತಿಳಿದ ರಾಜಕಾರಣಿಗಳೂ ನಮ್ಮಲ್ಲಿ ಇದ್ದರು, ಇದ್ದಾರೆ. ಅವರನ್ನು ಗುರುತಿಸುವ ಕೆಲಸ ಕೇಳುವವರದು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ ಇದೆ. ನಮ್ಮ ವಿಧಾನಸಭೆಗೆ ಮುಂದಿನ ಸಾರ್ವತ್ರಿಕ ಚುನಾವಣೆ ನಡೆಯಬೇಕಾದದ್ದು 2028ರಲ್ಲಿ. ಅಷ್ಟರವರೆಗೆ ಕಾಯಬೇಕಾಗಿಲ್ಲ; ರಾಜ್ಯಪಾಲರ ಭಾಷಣ ಪ್ರತಿ ವರ್ಷವೂ ಅಚ್ಚಾಗುತ್ತದೆ. ಈ ವರ್ಷದ್ದನ್ನು ತರಿಸಿಕೊಳ್ಳಿ. ಬಂದರು, ಅಳಿವೆ, ಕಡಲ್ಕೊರೆತ, ಮೀನುಗಾರಿಕೆ, ಶಾಲೆ, ಆಸ್ಪತ್ರೆ ಇವಕ್ಕೆ ಸೇರಿದ ವಾಕ್ಯಗಳನ್ನು ಬೇರೆ ಬರೆದುಕೊಳ್ಳಿ. ಪ್ರತಿ ವಾಕ್ಯದ ತುದಿಗೆ ಗೆರೆ ಎಳೆಯಿರಿ. ‘ಲಾಗುವುದು’ ಎಂದು ಮುಗಿದ ಕಡೆಯೆಲ್ಲ ಎದುರಿಗೆ ಎರಡು ಖಾಲಿ ಅಂಕಣಗಳನ್ನು ಬಿಡಿ, ಒಂದು ಇಲಾಖೆಯ ಹೆಸರಿಗೆ, ಇನ್ನೊಂದು ತಾರೀಕಿಗೆ. ಆ ಹಾಳೆಯನ್ನು ಹಿಡಿದುಕೊಂಡು ಹೋಗಿ ಶಾಸಕರ ಕೈಯಿಂದಲೇ ತುಂಬಿಸಿಕೊಂಡು ಬನ್ನಿ. ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ಆ ಹಾಳೆಯೇ ವಿಷಯವಾಗಲಿ ಎಂದು ಈ ಸಭೆಯ ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ.